ಮಿದುಳಿಗೆ ಎರಡು ಕೋಟು

ಹೆಂಡತಿ: ಬ್ರಶ್ ಕೆಳಗಿಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?

ಮೇಸ್ತ್ರಿ: ಸ್ಟೂಲು ಅಲ್ಲಾಡಿಸ್ಬೇಡ ಕಣೇ. ಹದಿನಾರನೇ ತಲೆ ನಡೀತಾ ಇದೆ. ಇನ್ನು ನಾಲ್ಕೇ ತಲೆ ಬಾಕಿ.

ಹೆಂಡತಿ: ಅದು ಡಾಕ್ಟರಮ್ಮಂಗೆ ತೋರ್ಸೋ ಸ್ಕ್ಯಾನ್ ರೀ! ನಿಮ್ಮ ತಲೆ ಒಳಗಿನ ಫೋಟೋ! ಅದಕ್ಕೆ ಬಣ್ಣ ಬಳೀತಾ ಕೂತಿದ್ದೀರಲ್ಲ!

ಮೇಸ್ತ್ರಿ: ಬಳೀತಾ ಇಲ್ಲ. ಟಚ್‌ಅಪ್ ಮಾಡ್ತಾ ಇದ್ದೀನಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ನಿನಗೆ ಹೇಳಿದ್ರೆ ಅರ್ಥ ಆಗಲ್ಲ.

ಅಡುಗೆಮನೆಯ ಕಿಟಕಿಯ ಗಾಜಿಗೆ, ನಾಲ್ಕೂ ಮೂಲೆಗೆ ಟೇಪು ಹಚ್ಚಿ, ಒಂದು ದೊಡ್ಡ ಫಿಲಂ ಅಂಟಿಸಲಾಗಿತ್ತು. ಅದರ ತುಂಬ ಪುಟ್ಟ ಪುಟ್ಟ ಮಿದುಳುಗಳು. ಸಾಲಿಗೆ ಐದರಂತೆ ನಾಲ್ಕು ಸಾಲು. ಇಪ್ಪತ್ತೂ ಒಬ್ಬರವೇ. ನಲವತ್ತು ವರ್ಷಗಳಿಂದ ಊರಿನ ಗೋಡೆಗಳ ಮೇಲೆ ದಂಡಯಾತ್ರೆ ನಡೆಸಿ, ಕಂಡ ಕಂಡ ಕಟ್ಟಡವನ್ನೆಲ್ಲ ಗೆದ್ದುಕೊಂಡಿದ್ದ ಪೇಂಟಿಂಗ್ ಮೇಸ್ತ್ರಿಯವು. ಅರವತ್ತನಾಲ್ಕರ ಆ ವೀರರು ಈಗ ಸ್ಟೂಲಿನ ಮೇಲೆ ವಿರಾಜಮಾನರಾಗಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಮೂರು ಕೂದಲಿನ ಬ್ರಶ್ಶಿನಿಂದ ತಮ್ಮದೇ ಮಿದುಳಿನ ಬಿಳಿ ಚುಕ್ಕೆಗಳಿಗೆ ಬೂದು ಬಣ್ಣ ಹಚ್ಚುತ್ತಿದ್ದರು.

ಹೆಂಡತಿ: ಇಪ್ಪತ್ತು ತಲೆ ಇದ್ದೂ ಒಂದರಲ್ಲೂ ಬುದ್ಧಿ ಇಲ್ವಲ್ಲ! ಆ ಚುಕ್ಕೆ ನೋಡಿ ಏನು ಮಾಡ್ಬೇಕು ಅಂತ ಹೇಳೋಕೆ ತಾನೇ ಡಾಕ್ಟರಮ್ಮ ಇರೋದು?

ಮೇಸ್ತ್ರಿ: ಏನು ಮಾಡ್ಬೇಕು ಅಂತ ಅಲ್ಲ ಕಣೇ, ಏನು ಮಾಡ್ಬಾರ್ದು ಅಂತ ಹೇಳೋಕೆ ಇರೋದು. ಸೋಮವಾರ ಗಡಿಯಾರ ಗೋಪುರದ ಕೆಲಸ ಶುರು. ಡಾಕ್ಟರ ಸರ್ಟಿಫಿಕೇಟು ಇಲ್ಲದವರನ್ನ ಮೇಲೆ ಹತ್ತಿಸಲ್ಲ ಅಂತ ನಗರಸಭೆಯವರು ಕಾಗದ ಕಳ್ಸಿದ್ದಾರೆ. ಈ ಚುಕ್ಕೆ ನೋಡಿದ್ರೆ ಅವರು ಸರ್ಟಿಫಿಕೇಟು ಕೊಟ್ಟ ಹಾಗೇ! ನಾನು ಹತ್ತಲಿಲ್ಲ ಅಂದ್ರೆ ಯಾರು ಹತ್ತೋದು ಗೊತ್ತಲ್ಲ? ಸ್ಪ್ರೇ!

ಸ್ಪ್ರೇ ಎಂದರೆ ಹಿಂದಿನ ಬೀದಿಯ ಪೇಂಟರು. ಬ್ರಶ್ ಬಿಟ್ಟು ಬಣ್ಣ ಉಗುಳುವ ಯಂತ್ರ ಹಿಡಿದ ದಿನದಿಂದ ಮೇಸ್ತ್ರಿ ಆತನಿಗೆ ಇಟ್ಟ ಹೆಸರು. ಈ ಮನೆಯಲ್ಲಿ ಊಟದ ಹೊತ್ತಿಗೆ ಆ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ.

ಹೆಂಡತಿ: ಹತ್ತಲಿ ಬಿಡಿ. ಅವನ ಕೈ ನೆಟ್ಟಗಿದೆ. ನಿಮ್ಮದು ಹೋದ ತಿಂಗಳು ಏನಾಯ್ತು? ಮೂರನೇ ಮಹಡಿ ಎತ್ತರದಲ್ಲಿ ಎಡಗೈ ಇದ್ದಕ್ಕಿದ್ದ ಹಾಗೆ ಬಿದ್ದುಹೋಗ್ಲಿಲ್ವಾ?

ಮೇಸ್ತ್ರಿ: ಕೈ ಬೀಳ್ಲಿಲ್ಲ. ಡಬ್ಬಿ ಬಿತ್ತು.

ಹೆಂಡತಿ: ಕೈ ಬಿದ್ದಿದ್ದಕ್ಕೇ ಡಬ್ಬಿ ಬಿದ್ದಿದ್ದು! ಕೆಳಗೆ ಹೋಗ್ತಿದ್ದ ಅಂಚೆಯವನು ನೆತ್ತಿಯಿಂದ ಪಾದದ ತನಕ ಆಕಾಶ ನೀಲಿ ಆಗಿಹೋದ.

ಮೇಸ್ತ್ರಿ: ಆ ಬಣ್ಣ ಅವನಿಗೆ ಒಪ್ಪುತ್ತೆ. ಮುಂಚೆ ಅವನು ಬಂದದ್ದೇ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಹೆಂಡತಿ: ಹತ್ತು ನಿಮಿಷ ಕೈ ಎತ್ತೋಕಾಗ್ಲಿಲ್ಲ. ಬಾಯಿ ಸೊಟ್ಟಗಾಯ್ತು. 'ಹಗ್ಗ ಇಳಿಸು' ಅನ್ನೋಕೆ 'ಹ ಹ ಹ' ಅಂದ್ರಿ. ನಾನು ಕೆಳಗೆ ನಿಮ್ಮ ಹಲಗೆ ಹಗ್ಗ ಹಿಡಿದು ನಿಂತು, ಇವರೇನು ನಗ್ತಿದ್ದಾರಾ ಅಂದ್ಕೊಂಡೆ!

ಮೇಸ್ತ್ರಿ: ಒಂದ್ಸಲ ಆಯ್ತು, ಹೋಯ್ತು. ಅದನ್ನೇ ಎಷ್ಟು ದಿನ ಅರೀತೀಯ?

ಹೆಂಡತಿ: ಸರಿ, ಫಿಲಂಗೆ ಬಣ್ಣ ಹೊಡೆದ್ರಿ. ಜೊತೇಲಿ ರಿಪೋರ್ಟು ಕಾಗದ ಇದೆಯಲ್ಲ, ಅದರಲ್ಲಿ ಎಲ್ಲಾ ಬರೆದಿದ್ದಾರಲ್ಲ?

ಮೇಸ್ತ್ರಿ: ಅದಕ್ಕೆ ನಿನ್ನೆಯೇ ಬಿಳಿ ಹೊಡೆದು ಒಣಗಿಸಿದ್ದೀನಿ. ಫಿಲಂನಲ್ಲಿ ಬಿಳಿ ಇದ್ದ ಕಡೆ ಬೂದು, ಕಾಗದದಲ್ಲಿ ಕಪ್ಪು ಇದ್ದ ಕಡೆ ಬಿಳಿ. ಲೆಕ್ಕ ಸರಿಹೋಯ್ತು.

ಹೆಂಡತಿ: ಈಗ ಅದರಲ್ಲಿ ಏನು ಉಳಿದಿದೆ?

ಮೇಸ್ತ್ರಿ: ಮೇಲೆ ನನ್ನ ಹೆಸರು. ಕೊನೇಲಿ 'ಧನ್ಯವಾದ'.

ಹೀಗೆ ಆಯುಧಗಳನ್ನು ಸಜ್ಜುಗೊಳಿಸಿಕೊಂಡು ಮೇಸ್ತ್ರಿ ಆಸ್ಪತ್ರೆಯ ಮೇಲೆ ದಂಡೆತ್ತಿ ಹೋದರು. ಫಿಲಂ ಮುಟ್ಟಿದರೆ ಅಂಟುತ್ತದೆಂದು ಬಸ್ಸಿನಲ್ಲಿ ಅದನ್ನು ಎರಡು ಬೆರಳಿನಲ್ಲಿ ಪತಾಕೆಯಂತೆ ಎತ್ತಿ ಹಿಡಿದಿದ್ದರು. ಸಹಪ್ರಯಾಣಿಕರು ದಾರಿಯುದ್ದಕ್ಕೂ ಆ ಇಪ್ಪತ್ತು ಮಿದುಳುಗಳ ದರ್ಶನ ಪಡೆದು, ಇಳಿಯುವ ಹೊತ್ತಿಗೆ ಮೇಸ್ತ್ರಿಗೆ ಜಾಗ ಬಿಟ್ಟು ಸರಿದು ನಿಂತರು.

ಡಾಕ್ಟರಮ್ಮನ ಕೋಣೆಯೊಳಗೆ ಕಾಲಿಟ್ಟೊಡನೆ ಮೇಸ್ತ್ರಿಗೆ ಡಾಕ್ಟರಮ್ಮ ಕಾಣಿಸಲಿಲ್ಲ. ಅವರ ಹಿಂದಿನ ಗೋಡೆ ಕಾಣಿಸಿತು.

ಮೇಸ್ತ್ರಿ: ಯಾರು ಈ ಗೋಡೆಗೆ ಬಣ್ಣ ಹೊಡೆದಿದ್ದು?

ಡಾಕ್ಟರು: ಕೂತ್ಕೊಳ್ಳಿ ಮೇಸ್ತ್ರಿಗಳೇ. ಮೊದಲು ನಿಮ್ಮದು ನೋಡೋಣ, ಆಮೇಲೆ ಗೋಡೆದು.

ಮೇಸ್ತ್ರಿ: ಅಲ್ಲ, ಅಷ್ಟಗಲ ಬಿಳಿ ಬಿಳಿ ಉಪ್ಪು ಬಿಟ್ಟಿದೆಯಲ್ಲ ಡಾಕ್ಟರಮ್ಮ! ಇದು ಸ್ಪ್ರೇ ಕೆಲಸ. ನೂರು ಗೋಡೆ ನಡುವೆ ಇಟ್ರೂ ಹೇಳ್ತೀನಿ.

ಹೆಂಡತಿ: ಕೂತ್ಕೊಳ್ರೀ!

ಡಾಕ್ಟರಮ್ಮ ಫಿಲಂ ಅನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ದೀಪ ಹಾಕಿದರು. ಇಪ್ಪತ್ತು ಮಿದುಳುಗಳು ಹುಣ್ಣಿಮೆಯ ಚಂದ್ರನಿಗಿಂತ ಹೆಚ್ಚು ನಿಷ್ಕಳಂಕವಾಗಿ ಬೆಳಗಿದವು. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು.

ಡಾಕ್ಟರು: ಅದ್ಭುತ.

ಮೇಸ್ತ್ರಿ: ಕೇಳಿಸ್ತೇನೇ?

ಡಾಕ್ಟರು: ಹೊಸದಾಗಿ ಹುಟ್ಟಿದ ಮಗುಗೂ ಇಷ್ಟು ನುಣ್ಣಗಿರೋ ಮಿದುಳು ಇರಲ್ಲ.

ಮೇಸ್ತ್ರಿ: ನನಗೆ ಮುಂಚಿಂದಾನೂ ಹಾಗೇ ಡಾಕ್ಟರಮ್ಮ. ಮನೇಲಿ ಎಲ್ಲರೂ ಹೇಳ್ತಿದ್ರು. ಹಾಗಾದ್ರೆ ಆ ಸರ್ಟಿಫಿಕೇಟು...

ಡಾಕ್ಟರು: ಬರೀತೀನಿ. ಒಂದೇ ಒಂದು ಅನುಮಾನ. ಮಿದುಳಿನ ನಡುವೆ ಚಿಟ್ಟೆ ಆಕಾರದಲ್ಲಿ ಎರಡು ಕಪ್ಪು ಪೊಳ್ಳು ಇರಬೇಕಲ್ಲ, ನಿಮಗೆ ಇಲ್ವಲ್ಲ?

ಮೇಸ್ತ್ರಿ: ಓ, ಆ ಗುಂಡೀನಾ? ಅದನ್ನ ತುಂಬ್ಸಿ... ತುಂಬ್ಕೊಂಡಿರ್ಬೇಕು. ತನ್ನಷ್ಟಕ್ಕೆ ತಾನೇ.

ಡಾಕ್ಟರು: ಅದು ಎಲ್ಲರ ತಲೆಯಲ್ಲೂ ಇರುತ್ತೆ. ಅದರೊಳಗೆ ನೀರಿರುತ್ತೆ.

ಮೇಸ್ತ್ರಿ: ನೀರಾ! ತಲೆ ಒಳಗಾ! ನೋಡಿದ್ಯೇನೇ, ಅಲ್ಲೇ ಲೀಕು! ನನಗೆ ಯಾರೂ ಹೇಳ್ಲೇ ಇಲ್ವಲ್ಲ!

ಡಾಕ್ಟರು: ಲೀಕಲ್ಲ, ಇರಲೇಬೇಕಾದ ನೀರು. ಸರಿ, ಮಡಿಕೆಗಳು ಎಲ್ಲಿ? ಮಿದುಳಿನ ಮೇಲೆ ಆಕ್ರೋಟಿನ ಹಾಗೆ ಸುಕ್ಕು ಸುಕ್ಕು ಗೆರೆ ಇರಬೇಕು.

ಮೇಸ್ತ್ರಿ: ಬಿರುಕು ಅಂದ್ಕೊಂಡೆ.

ಹೆಂಡತಿ: ಬಿರುಕು ಕಂಡ್ರೆ ಬಿಡೋ ಕೈನಾ ಇದು? ಇಪ್ಪತ್ತಕ್ಕೂ ಪುಟ್ಟಿ ಹಾಕಿ ಮುಚ್ಚಿದ್ದಾರೆ ಡಾಕ್ಟರಮ್ಮ.

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಕೋಟೆಯ ಬಾಗಿಲನ್ನು ಒಳಗಿನವರೇ ತೆಗೆದಾಗ ರಾಜರು ನೋಡುವ ನೋಟವಿತ್ತು. ಡಾಕ್ಟರಮ್ಮ ಹದಿನೇಳನೇ ಮಿದುಳಿನ ಮೇಲೆ ಬೆರಳಿಟ್ಟು ಎತ್ತಿದರು. ಬೆರಳ ತುದಿ ಬೂದಾಗಿತ್ತು.

ಡಾಕ್ಟರು: ಇನ್ನೂ ಒಣಗಿಲ್ಲ.

ಮೇಸ್ತ್ರಿ: ಎರಡನೇ ಕೋಟು. ನಾಲ್ಕು ಗಂಟೆ ಒಣಗೋಕೆ ಬಿಡ್ಬೇಕು. ಬಸ್ಸು ಹೋಗುತ್ತೆ ಅಂತ ಇವಳು ಬಿಡ್ಲಿಲ್ಲ. ಫಿನಿಶಿಂಗ್ ಹಾಳಾದ್ರೆ ನನ್ನ ತಪ್ಪಲ್ಲ.

ಡಾಕ್ಟರಮ್ಮ ಮೇಜಿನ ಮೇಲಿನ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. ಅಲ್ಲಿ ಅದೇ ಮಿದುಳು. ಗುಂಡಿ, ಬಿರುಕು, ಚುಕ್ಕೆ, ಸಕಲ ಪರಿವಾರ ಸಮೇತ.

ಡಾಕ್ಟರು: ನಿಮ್ಮ ಸ್ಕ್ಯಾನು ನಿನ್ನೆಯೇ ಇಲ್ಲಿಗೆ ಬಂದಿದೆ ಮೇಸ್ತ್ರಿಗಳೇ.

ಮೇಸ್ತ್ರಿ: ಮತ್ತೆ ನನಗೆ ಫಿಲಂ ಯಾಕೆ ಕೊಟ್ರು?

ಡಾಕ್ಟರು: ಮನೇಲಿ ಇಟ್ಕೊಳ್ಳೋಕೆ.

ಮೇಸ್ತ್ರಿ: ಮೂರು ಗಂಟೆ ಕೆಲಸ ಡಾಕ್ಟರಮ್ಮ! ಹಲ್ಲು ಕೂಡ ಉಜ್ಜಿಲ್ಲ ನಾನು!

ಡಾಕ್ಟರು: ಇಲ್ಲಿ ನೋಡಿ. ಮಿದುಳಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯೋ ತಂತಿಗಳಿವೆ. ಆ ತಂತಿಗಳಿರೋ ಜಾಗಕ್ಕೆ ಬಿಳಿ ಭಾಗ ಅಂತೀವಿ. ಅಲ್ಲೇ ಈ ಬಿಳಿ ಕಲೆ ಬಿದ್ದಿರೋದು.

ಮೇಸ್ತ್ರಿ: ಸ್ವಲ್ಪ ನಿಲ್ಲಿ. ಬಿಳಿ ಮೇಲೆ ಬಿಳಿ ಕಲೆ ಬಿದ್ರೆ ಕಾಣೋದು ಹೇಗೆ? ನನ್ನ ಕೆಲಸದಲ್ಲಿ ಅದು ಕಲೆಯೇ ಅಲ್ಲ. ಅದು ಮ್ಯಾಚಿಂಗ್.

ಡಾಕ್ಟರು: ಸ್ಕ್ಯಾನಲ್ಲಿ ಬಿಳಿ ಭಾಗ ಬೂದಾಗಿ ಕಾಣುತ್ತೆ.

ಮೇಸ್ತ್ರಿ: ಬೂದಾಗಿ ಕಂಡ್ರೆ ಬೂದು ಅನ್ನಿ!

ಡಾಕ್ಟರು: ಬೂದು ಭಾಗ ಅಂತ ಬೇರೆ ಇದೆ. ಅದು ಈ ಸ್ಕ್ಯಾನಲ್ಲಿ ಸ್ವಲ್ಪ ಬೆಳ್ಳಗೆ ಕಾಣುತ್ತೆ.

ಮೇಸ್ತ್ರಿ: ಶೇಡ್ ಕಾರ್ಡು ನೋಡದೆ ಹೆಸರಿಟ್ಟಿದ್ದೀರಿ ನೀವು! ಬಿಳಿ ಅಂದ್ರೆ ಬೂದು, ಬೂದು ಅಂದ್ರೆ ಬಿಳಿ. ಇಂಥವರ ಮಾತು ಕೇಳಿ ನಾನು ಗೋಪುರ ಬಿಡ್ಬೇಕಂತೆ!

ಡಾಕ್ಟರು: ಬಣ್ಣ ಬಿಡಿ. ಆ ತಂತಿಗಳಿಗೆ ರಕ್ತ ಕೊಡೋ ನಾಳಗಳು ನಿಮ್ಮ ಆ ಬ್ರಶ್ಶಿನ ಕೂದಲಿಗಿಂತ ಸಣ್ಣ. ರಕ್ತದೊತ್ತಡ ಜಾಸ್ತಿ ಇದ್ದು ಇದ್ದು ಗಡುಸಾಗಿಬಿಟ್ಟಿವೆ. ರಕ್ತ ಸರಿಯಾಗಿ ಹೋಗದ ಕಡೆ ಕಲೆ ಬಿದ್ದಿದೆ. ಬಿಪಿ ಮಾತ್ರೆ ಕೊಟ್ಟಿದ್ದೆನಲ್ಲ, ತಗೊಳ್ತಿದ್ದೀರಾ?

ಮೇಸ್ತ್ರಿ: ತಗೊಂಡೆ. ಎರಡು.

ಡಾಕ್ಟರು: ದಿನಕ್ಕೆ ಎರಡಾ?

ಮೇಸ್ತ್ರಿ: ಒಟ್ಟು ಎರಡು. ಎಂಥ ಗೋಡೆಗಾದ್ರೂ ಎರಡು ಕೋಟು ಸಾಕು ಡಾಕ್ಟರಮ್ಮ. ಮೂರನೆಯದು ಹೊಡೆದ್ರೆ ಸಿಪ್ಪೆ ಎದ್ದು ಬರುತ್ತೆ.

ಹೆಂಡತಿ: ಸಿಗರೇಟು ಮಾತ್ರ ದಿನಕ್ಕೆ ಹದಿನೈದು ಕೋಟು ಹೊಡೀತಾರೆ, ಅದನ್ನೂ ಬರ್ಕೊಳ್ಳಿ.

ಡಾಕ್ಟರಮ್ಮ ಬರೆದುಕೊಂಡರು. ಆಮೇಲೆ ಎದ್ದು ಬಂದು ನೆಲದ ಟೈಲ್ಸಿನ ಸಂದಿನಲ್ಲಿ ಉದ್ದಕ್ಕೂ ಹೋಗಿದ್ದ ಗೆರೆಯನ್ನು ತೋರಿಸಿದರು.

ಡಾಕ್ಟರು: ಈ ಗೆರೆ ಮೇಲೆ ಬಾಗಿಲ ತನಕ ನಡೀರಿ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗ್ತಾ ಇರಬೇಕು.

ಮೇಸ್ತ್ರಿ: ಇಷ್ಟೇನಾ? ದಾರ, ಪಟ್ಟಿ ಏನೂ ಇಲ್ದೆ ಮುನ್ನೂರು ಅಡಿ ಗೆರೆ ಎಳೆದವನು ನಾನು.

ಕದನಕಲಿಯ ಮೊದಲ ಹೆಜ್ಜೆ ಗೆರೆಯ ಮೇಲೆ ಬಿತ್ತು. ಎರಡನೆಯದು ಗೆರೆಯ ನೆರೆಮನೆಯಲ್ಲಿ ಬಿತ್ತು. ಮೂರನೆಯದು ಕಸದ ಬುಟ್ಟಿಗೆ ತಾಗಿತು. ಐದನೇ ಹೆಜ್ಜೆಗೆ ಮೇಸ್ತ್ರಿ ಹೆಂಡತಿಯ ಮಡಿಲಿನಲ್ಲಿ ಕುಳಿತಿದ್ದರು.

ಮೇಸ್ತ್ರಿ: ಟೈಲ್ಸ್ ಸೊಟ್ಟ ಹಾಕಿದ್ದಾನೆ ಬಡ್ಡೀಮಗ.

ಹೆಂಡತಿ: ಮೊದಲು ಏಳಿ! ಎಲ್ಲಿ, ನಾನು ನೋಡ್ತೀನಿ.

ಆಕೆ ಹೆಗಲಿಗೆ ಕೈಚೀಲ ಏರಿಸಿಕೊಂಡೇ ಗೆರೆಯ ಮೇಲೆ ಬಾಗಿಲ ತನಕ ನಡೆದು, ತಿರುಗಿ, ಅದೇ ಗೆರೆಯ ಮೇಲೆ ವಾಪಸು ಬಂದರು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಮೇಸ್ತ್ರಿ: ಅವಳು ಸೊಟ್ಟ ನಡೆದಳು, ಗೆರೆಯೂ ಸೊಟ್ಟ ಇತ್ತು. ಎರಡೂ ಕೂಡಿ ಸರಿಹೋಯ್ತು.

ಡಾಕ್ಟರು: ಆಯ್ತು, ಒಪ್ಪಿದೆ. ಈಗ ನನ್ನ ಗೋಡೆ ವಿಷಯ ಹೇಳಿ. ಎರಡು ಸಲ ಬಣ್ಣ ಹೊಡೆಸಿದೆ, ಆ ಬಿಳಿ ಕಲೆ ಮತ್ತೆ ಮತ್ತೆ ಬರ್ತಾ ಇದೆ. ಮೂರನೇ ಸಲ ನೀವೇ ಹೊಡೆದುಕೊಡಿ.

ಮೇಸ್ತ್ರಿಯ ಎದೆ ಎರಡಂಗುಲ ಉಬ್ಬಿತು. ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟರು, ಬೆರಳ ಗೆಣ್ಣಿನಿಂದ ತಟ್ಟಿದರು, ಕಿವಿಗೊಟ್ಟು ಕೇಳಿದರು.

ಮೇಸ್ತ್ರಿ: ಹೊಡೀಬೇಡಿ ಡಾಕ್ಟರಮ್ಮ. ನೀವು ಕೈ ಮುಗಿದ್ರೂ ನಾನು ಹೊಡೆಯಲ್ಲ. ಕಲೆ ಇರೋದು ಗೋಡೇಲಲ್ಲ, ಹಿಂದೆ ಇರೋ ಪೈಪಲ್ಲಿ. ದೊಡ್ಡ ಪೈಪಲ್ಲ, ಒಳಗೊಳಗೆ ಹೋಗಿರ್ತಾವಲ್ಲ, ಸಣ್ಣವು. ಮೇಲಿನ ಟ್ಯಾಂಕಿಂದ ಒತ್ತಡ ಜಾಸ್ತಿ ಬಂದು ಬಂದು ಸೋತುಹೋಗಿವೆ. ಮೊದಲು ಒತ್ತಡ ಇಳಿಸಿ. ಅದೂ ಒಂದು ದಿನ ಇಳಿಸಿ ಬಿಡೋದಲ್ಲ, ಪ್ರತಿದಿನ ಹಿಡಿತದಲ್ಲಿಡ್ಬೇಕು. ಆಗಿರೋ ಕಲೆ ಪೂರ್ತಿ ಹೋಗಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹೊಸದು ಬರ್ದೇ ಇರೋ ಹಾಗೆ ನೋಡ್ಕೋಬಹುದು. ಇದನ್ನ ಬಿಟ್ಟು ಮೇಲಿಂದ ಮೇಲೆ ಬಣ್ಣ ಬಳಿದ್ರೆ, ಒಂದು ದಿನ ಆ ಗೋಡೆಯೇ ಕುಸಿಯುತ್ತೆ. ಬಣ್ಣ ಬಳಿದು ಮುಚ್ಚೋನು ಪೇಂಟರಲ್ಲ, ಕಳ್ಳ.

ಡಾಕ್ಟರಮ್ಮ ಬರೆಯುವುದನ್ನು ಮುಗಿಸಿ ಚೀಟಿಯನ್ನು ಮುಂದೆ ಚಾಚಿದರು.

ಡಾಕ್ಟರು: ನೀವು ಹೇಳಿದ್ದನ್ನೇ ಬರೆದಿದ್ದೀನಿ. ಮೇಲೆ ನಿಮ್ಮ ಹೆಸರು ಹಾಕಿದ್ದೀನಿ, ಅಷ್ಟೇ.

ಮೇಸ್ತ್ರಿ ಚೀಟಿ ನೋಡಿದರು. ಗೋಡೆ ನೋಡಿದರು. ಅವರ ಮುಖದ ಬಣ್ಣ ಯಾವ ಶೇಡ್ ಕಾರ್ಡಿನಲ್ಲೂ ಇರಲಿಲ್ಲ.

ಮೇಸ್ತ್ರಿ: ಗೋಡೆ ಬೇರೆ, ನಾನು ಬೇರೆ ಡಾಕ್ಟರಮ್ಮ. ಗೋಡೆಗೆ ಮಾನ ಮರ್ಯಾದೆ ಅಂತ ಇಲ್ಲ. ಮೂರು ಸಲ ಆ ಗೋಪುರಕ್ಕೆ ಬಣ್ಣ ಹೊಡೆದವನು ನಾನು. ಅದರ ತುದೀಲಿ ಸ್ಪ್ರೇ ಕೂತ್ಕೊಂಡು ಪುಸ್ ಪುಸ್ ಅನ್ನಿಸ್ತಿದ್ರೆ ಕೆಳಗೆ ನಿಂತು ನೋಡ್ಬೇಕಾ? ಸತ್ರೂ ಪರವಾಗಿಲ್ಲ, ನಾನು ಹತ್ತೋದೇ.

ಹೆಂಡತಿ: ಡಾಕ್ಟರಮ್ಮ, ಆ ಸರ್ಟಿಫಿಕೇಟು ನನ್ನ ಹೆಸರಿಗೆ ಬರೀರಿ.

ಮೇಸ್ತ್ರಿ: ಏನಂದೆ?

ಹೆಂಡತಿ: ಸೋಮವಾರ ನಾನು ಹತ್ತುತೀನಿ. ಇಷ್ಟು ವರ್ಷ ಬಣ್ಣ ಕಲಸಿದ್ದು ನಾನು. ಗೆರೆ ಮೇಲೆ ನಡೆದದ್ದೂ ನಾನು.

ಮೇಸ್ತ್ರಿ: ತಲೆ ಕೆಟ್ಟಿದೆಯಾ ನಿನಗೆ?

ಹೆಂಡತಿ: ಯಾರದು ಕೆಟ್ಟಿದೆ ಅಂತ ಅಲ್ಲಿ ದೀಪ ಹಾಕಿ ಇಟ್ಟಿದ್ದಾರೆ, ನೋಡ್ಕೊಳ್ಳಿ. ನನ್ನ ಬಿಪಿ ನೋಡಿ ಡಾಕ್ಟರಮ್ಮ.

ಡಾಕ್ಟರಮ್ಮ ಆಕೆಯ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ನೋಡಿ, ನಂಬದೆ ಇನ್ನೊಂದು ಸಲ ನೋಡಿದರು.

ಡಾಕ್ಟರು: ನೂರ ಇಪ್ಪತ್ತು, ಎಂಬತ್ತು. ಮೂವತ್ತೈದು ವರ್ಷ ಇವರ ಜೊತೆ ಇದ್ದೂ?

ಹೆಂಡತಿ: ನಾನು ಯಾವುದನ್ನೂ ನಾಳೆಗೆ ಇಟ್ಕೊಳ್ಳಲ್ಲ. ಅವತ್ತಿಂದು ಅವತ್ತೇ ಬೈದು ಮುಗಿಸ್ತೀನಿ.

ಮೇಸ್ತ್ರಿ: ಲೇ, ಅದೇನು ಮನೆ ಅಟ್ಟ ಅಂದ್ಕೊಂಡ್ಯಾ? ಆರನೇ ಕಿಟಕಿ ದಾಟಿದ ಮೇಲೆ ಗಾಳಿ ಹಲಗೇನ ಗಿರಗಿರ ತಿರುಗಿಸುತ್ತೆ. ಪಾರಿವಾಳ ಮುಖಕ್ಕೇ ಹಾರ್ತವೆ. ಗಂಟೆ ಹನ್ನೆರಡು ಹೊಡೆದ್ರೆ ಬಾಯಲ್ಲಿರೋ ಹಲ್ಲು ಒಂದೊಂದೂ ಅದುರುತ್ತೆ!

ಹೆಂಡತಿ: 'ಮೇಲೆ ಏನೂ ಇಲ್ಲ ಕಣೇ, ತಣ್ಣಗಿರುತ್ತೆ' ಅಂತ ಇಷ್ಟು ವರ್ಷ ಹೇಳ್ತಿದ್ರಲ್ಲ?

ಮೇಸ್ತ್ರಿ: ತಣ್ಣಗೂ ಇರುತ್ತೆ.

ಹೆಂಡತಿ: ಮತ್ತೆ? ನೀವು ಕೆಳಗೆ ನಿಂತು ಹಗ್ಗ ಹಿಡೀರಿ. ನಿಮ್ಮ ಹಗ್ಗ ಹಿಡಿದು, ಕತ್ತು ಮೇಲೆತ್ತಿ ನಿಂತೂ ನಿಂತೂ, ಊರಿನವರ ಮುಖಕ್ಕಿಂತ ನಿಮ್ಮ ಅಂಗಾಲನ್ನೇ ಜಾಸ್ತಿ ನೋಡಿದ್ದೀನಿ ನಾನು. ಒಂದ್ಸಲ ಕೈ ಬಿಟ್ಟಿದ್ದೀನಾ?

ಮೇಸ್ತ್ರಿ: ಇಲ್ಲ.

ಹೆಂಡತಿ: ನೀವೂ ಬಿಡಲ್ಲ ತಾನೇ?

ಮೇಸ್ತ್ರಿ ತಮ್ಮ ಎಡಗೈಯನ್ನು ಮೇಜಿನ ಮೇಲೆ ಇಟ್ಟು, ಬೇರೆ ಯಾರೋ ಮರೆತು ಹೋದ ಸಾಮಾನಿನಂತೆ ನೋಡಿದರು.

ಮೇಸ್ತ್ರಿ: ಈ ಕೈನ ನಂಬ್ಕೊಂಡು ನೀನು ಹತ್ತಬೇಡ ಕಣೇ.

ಡಾಕ್ಟರು: ಯಾಕೆ? ಒಂದೇ ಸಲ ಅಲ್ವಾ ಹಾಗಾಗಿದ್ದು?

ಮೇಸ್ತ್ರಿ: ಮೂರು.

ಹೆಂಡತಿ: ಮೂರಾ!

ಮೇಸ್ತ್ರಿ: ಒಂದ್ಸಲ ಗಡ್ಡ ಮಾಡ್ಕೊಳ್ಳುವಾಗ. ಇನ್ನೊಂದ್ಸಲ ಬಸ್ಸಲ್ಲಿ. ನನ್ನ ತೊಡೆ ಮೇಲೆ ಒಂದು ಕೈ ಬಿದ್ದಿತ್ತು. ಪಕ್ಕದವನಿಗೆ 'ಸ್ವಾಮಿ, ನಿಮ್ಮ ಕೈ ತೆಗೀರಿ' ಅಂತ ಜಗಳ ಮಾಡಿದೆ. ಪಾಪ, ಅವನು ತನ್ನ ಎರಡೂ ಕೈ ಎತ್ತಿ ತೋರಿಸ್ದ. ಆಮೇಲೆ ಗೊತ್ತಾಯ್ತು, ಅದು ನಂದೇ.

ಹೆಂಡತಿ ಬೈಯಲು ಉಸಿರು ಎಳೆದುಕೊಂಡರು. ಬೈಯುವ ಬದಲು ಆ ಎಡಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಡಾಕ್ಟರಮ್ಮ ನಗುವುದನ್ನು ನಿಲ್ಲಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಡಾಕ್ಟರು: ಮೇಸ್ತ್ರಿಗಳೇ, ಇದನ್ನ ಅವತ್ತೇ ಹೇಳ್ಬೇಕಿತ್ತು. ಇವತ್ತು ಮನೆಗೆ ಕಳ್ಸಲ್ಲ, ಇಲ್ಲೇ ಇರ್ತೀರಿ. ಎಲ್ಲಾ ಪರೀಕ್ಷೆ ಮಾಡಿಸಿ, ಔಷಧಿ ಈಗಿಂದಲೇ ಶುರು. ಮಾತ್ರೆ ದಿನಾ, ತಪ್ಪದೆ. ಸಿಗರೇಟು ಇಲ್ಲ. ಮುಂದೆ ಯಾವತ್ತಾದ್ರೂ ಕೈ ಸೋತ್ರೆ, ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೆ, ಸರಿಹೋಗುತ್ತೇನೋ ಅಂತ ಕಾಯೋದು ಬೇಡ. ಆ ಕ್ಷಣವೇ ಹೊರಟು ಬರಬೇಕು. ಹೂಂ ಅನ್ನಿ.

ಮೇಸ್ತ್ರಿ: ಹೂಂ. ಗೋಪುರಾನ ಆ ಸ್ಪ್ರೇಗೇ ಕೊಟ್ಬಿಡಲಿ. ಪುಸ್ ಅನ್ನಿಸ್ಕೊಂಡು ಸಾಯ್ಲಿ.

ನಲವತ್ತು ವರ್ಷದ ಸಾಮ್ರಾಜ್ಯ ಹೀಗೆ ಒಂದು 'ಹೂಂ'ಗೆ ಬಿದ್ದುಹೋಯಿತು. ಮೇಸ್ತ್ರಿಯನ್ನು ನರ್ಸು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟಳು. ಹೋಗುತ್ತ ಅವರು ಕಾರಿಡಾರಿನ ಗೋಡೆಗಳ ಪುಟ್ಟಿಯನ್ನು ಜೋರಾಗಿ ಟೀಕಿಸುತ್ತಿದ್ದುದು ಕೇಳಿಸಿತು. ಬಾಗಿಲು ಮುಚ್ಚಿದ ಮೇಲೆ ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಹೆಂಡತಿಯ ಕೈ ಹಿಡಿದುಕೊಂಡರು.

ಡಾಕ್ಟರು: ಅಮ್ಮಾ, ಒಂದು ತಿಂಗಳಿಂದ ನಾನು ಎಷ್ಟು ಕೇಳಿದ್ರೂ ಇವರು ಹೇಳದೇ ಇದ್ದದ್ದನ್ನ ನೀವು ಒಂದೇ ಮಾತಿಗೆ ಹೇಳಿಸಿಬಿಟ್ರಿ. ಎಂಥ ನಾಟಕ! ನಾನೇ ಒಂದು ಕ್ಷಣ ನಿಜ ಅಂದ್ಕೊಂಡೆ.

ಹೆಂಡತಿ: ಯಾವ ನಾಟಕ?

ಡಾಕ್ಟರು: ಅದೇ, ಗೋಪುರ ಹತ್ತುತೀನಿ ಅಂದ್ರಲ್ಲ.

ಹೆಂಡತಿ: ಬೇಗ ಬರ್ಕೊಡಿ ಡಾಕ್ಟರಮ್ಮ, ನಗರಸಭೆ ಐದು ಗಂಟೆಗೆ ಬಾಗಿಲು ಹಾಕುತ್ತೆ.

ಡಾಕ್ಟರು: ಮತ್ತೆ ಹಗ್ಗ? ಅದನ್ನ ಯಾರು ಹಿಡೀತಾರೆ?

ಹೆಂಡತಿ: ಕಂಬಕ್ಕೆ ಕಟ್ತೀನಿ. ಕಂಬಕ್ಕೆ ಬಿಪಿ ಇಲ್ಲ.